ಮೂಗಿನಿಂದ ಓದುವ ಮಾಸ್ತರರು

ಸವಣೂರಿನ ನಮ್ಮ ಓಣಿಯ ಕನ್ನಡ ಮಾಸ್ತರರು ನನ್ನ ಇ-ರೀಡರ್ ಕಂಡಾಗಲೆಲ್ಲ ಅದನ್ನು ಮೂಗಿಗೆ ಹಿಡಿದು, "ವಾಸನೀನ ಇಲ್ಲಲ್ರಿ ಇದಕ್ಕ" ಎಂದು ಹಿಂದಕ್ಕೆ ಕೊಡುತ್ತಿದ್ದರು. ಅವರ ಕಂಕುಳಲ್ಲಿ ಸದಾ ಒಂದೇ ದಪ್ಪ ಕಾದಂಬರಿ ಇರುತ್ತಿತ್ತು. ಅದನ್ನು ತೆರೆದು, ಮುಖ ಹುದುಗಿಸಿ, ಕಣ್ಣು ಮುಚ್ಚಿ ಉಸಿರೆಳೆಯುವರು. ಕಣ್ಣು ಮುಚ್ಚಿಕೊಂಡು ಓದುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಇಬ್ಬರೂ ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದಾಗ ನನ್ನ ಇ-ರೀಡರಿನ ಚಾರ್ಜ್ ಮುಗಿಯಿತು. ಮಾಸ್ತರರು ಗೆದ್ದವರಂತೆ ನಕ್ಕು ಕಾದಂಬರಿಯನ್ನು ನನ್ನ ಮುಂದೆ ಹಿಡಿದರು.

"ತಗೋರಿ, ಇದಕ್ಕ ಕರೆಂಟ್ ಬೇಕಾಗಿಲ್ಲ."

ತೆರೆದು ನೋಡಿದರೆ, ಹದಿನಾರನೆಯ ಪುಟದಿಂದಾಚೆ, ಪ್ರೆಸ್ಸಿನವರು ಅಂಚು ಕತ್ತರಿಸದೆ ಬಿಟ್ಟಿದ್ದ ಹಾಳೆಗಳು ಇನ್ನೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಬಿಡಿಸಲೆಂದು ಕೀಲಿಕೈ ತೆಗೆದೆ. ಮಾಸ್ತರರು ತಟ್ಟನೆ ನನ್ನ ಕೈ ಹಿಡಿದರು.

"ಬ್ಯಾಡ್ರಿ, ಬಿಡಿಸಬ್ಯಾಡ್ರಿ. ವಾಸನಿ ಹೋಗಿಬಿಡ್ತೈತಿ."