ಬುಲ್‌ಬುಲ್‌ಗೆ ಟೇಬಲ್ ಖಾಲಿ ಇದೆ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮವರು ಬಾಲ್ಕನಿಯಲ್ಲಿ ನಿಂತು ಒಂದು ಪಾರಿವಾಳಕ್ಕೆ ಬುದ್ಧಿ ಹೇಳುತ್ತಿದ್ದರು. "ತಿಂದಾಯ್ತಲ್ಲ, ಏಳು. ಹಿಂದೆ ಜನ ಕಾಯ್ತಾ ಇದ್ದಾರೆ."

ಹಿಂದೆ ಕಾಯುತ್ತಿದ್ದದ್ದು ಇನ್ನೊಂದು ಪಾರಿವಾಳ.

ನಮ್ಮವರು ಮುಂಬಯಿ ಪಕ್ಕದ ಠಾಣೆ ಊರಿನ ಹೋಟೆಲೊಂದರಲ್ಲಿ ಮೂವತ್ತೈದು ವರ್ಷ ಮ್ಯಾನೇಜರ್ ಆಗಿದ್ದವರು. ರಿಟೈರ್ ಆದ ಮೇಲೆ ಡೊಂಬಿವಲಿಯ ಈ ಮೂರನೇ ಮಾಳಿಗೆಯಲ್ಲಿ ಮಂಕಾಗಿ ಕೂತುಬಿಟ್ಟರು. ನೋಡಿ ನನಗೇ ಸಂಕಟವಾಗುತ್ತಿತ್ತು. ಕೊನೆಗೆ ಮಗಳು ಹಕ್ಕಿಗಳಿಗೆ ಕಾಳು ಹಾಕುವ ಮರದ ತಟ್ಟೆ ತಂದು ಗ್ರಿಲ್ಲಿಗೆ ಕಟ್ಟಿದಳು. "ಪಪ್ಪಾ, ದೇಖ್ನಾ, ಬುಲ್‌ಬುಲ್ ಆಯೇಗಾ," ಎಂದಳು. ನೋಡ್ತಾ ಇರಿ, ಬುಲ್‌ಬುಲ್ ಬರುತ್ತದೆ ಅಂತ. (ಇಲ್ಲೇ ಹುಟ್ಟಿದವಳು. ಕನ್ನಡ ಕಿವಿಗೆ, ಹಿಂದಿ ಬಾಯಿಗೆ.)

ಸರಿ, ಹೋಟೆಲ್ ಶುರುವಾಯಿತು! ಆರಕ್ಕೆ ನವಣೆ, ಹತ್ತಕ್ಕೆ ಬಾಳೆಹಣ್ಣು, ಮಧ್ಯಾಹ್ನ ಅನ್ನ. ಇವರ ಹೆಗಲಿಗೆ ಟವೆಲ್. ಕಾಗೆ ಇಡ್ಲಿ ಕಚ್ಚಿಕೊಂಡು ಹಾರಿದರೆ ಅದು ಪಾರ್ಸೆಲ್ ಗಿರಾಕಿಯಂತೆ. ಪಾರಿವಾಳಗಳು ಅರ್ಧ ಗ್ಲಾಸಿನ ಒಂದು ಕಟಿಂಗ್ ಚಹಾ ಹೇಳಿ ಇಡೀ ಪೇಪರ್ ಓದುವ ಜಾತಿಯಂತೆ. ಬುಲ್‌ಬುಲ್ ಮಾತ್ರ ಬಂದ ಹಾಗೆ ಮಾಡಿ ಹೋಗುತ್ತಿತ್ತು.

ಹೋಗುತ್ತಿದ್ದದ್ದೆಲ್ಲಿಗೆ? ಎದುರು ಬಿಲ್ಡಿಂಗಿನ ಮರಾಠಿ ಚಿಕ್ಕಮ್ಮ, ಕುಲಕರ್ಣಿ ಕಾಕು ಅವರ ಬಾಲ್ಕನಿಗೆ! ಅಲ್ಲಿ ಬುಲ್‌ಬುಲ್, ಮೈನಾ, ಗಿಳಿ, ಎಲ್ಲ ಹೌಸ್‌ಫುಲ್. ಇವರಿಗೆ ಊಟ ಸೇರದಾಯಿತು. "ನಮ್ಮಲ್ಲಿ ಏನು ಕಮ್ಮಿ ಉಂಟು?" ಎಂದು ರಾತ್ರಿ ನನ್ನನ್ನು ಎಬ್ಬಿಸಿ ಕೇಳಿದರು.

ಗುಟ್ಟು ತಿಳಿಯಲು ನಾನೇ ಹೋದೆ. ಕಾಕು ನಕ್ಕರು. ಪಪಾಯಿ ಕತ್ತರಿಸಿ ಇಟ್ಟು ಒಳಗೆ ಹೋಗುತ್ತೇನೆ, ಅಷ್ಟೇ ಎಂದರು.

ವಾಪಸ್ ಬಂದು ನಮ್ಮ ಹೋಟೆಲನ್ನು ನೋಡುತ್ತ ಕೂತೆ. ಬುಲ್‌ಬುಲ್ ಒಂದು ಬಂದು ತಟ್ಟೆಯ ಅಂಚಿಗೆ ಕೂತಿತು. ತಕ್ಷಣ ಇವರು ಟವೆಲ್ ಹಿಡಿದು ಓಡಿದರು, ಅದರ ಮೂಗಿನಡಿಯೇ ಟೇಬಲ್ ಒರೆಸಿದರು, ಪಕ್ಕದಲ್ಲೇ ಕೈಕಟ್ಟಿ ನಿಂತರು. ಮೆನು ಹೇಳುವುದೊಂದು ಬಾಕಿ. ಅದು ಹಾರದೆ ಇನ್ನೇನು ಮಾಡೀತು? ತಲೆಯ ಮೇಲೆ ಮ್ಯಾನೇಜರ್ ನಿಂತರೆ ನಿಮಗಾದರೂ ತುತ್ತು ಇಳಿಯುತ್ತದೆಯೇ?

"ಗಿರಾಕಿ ಹೆದರಿದ್ದು ನಿಮ್ಮನ್ನು ನೋಡಿ. ಮೊದಲು ಒಳಗೆ ಬನ್ನಿ," ಎಂದೆ.

ಮರುದಿನ ಇವರು ಪಪಾಯಿ ಇಟ್ಟು ಪರದೆಯ ಹಿಂದೆ ಅಡಗಿದರು. ಸ್ವಲ್ಪ ಹೊತ್ತಿಗೆ ಬುಲ್‌ಬುಲ್ ಬಂತು, ಅದೂ ಜೋಡಿಯಾಗಿ. "ಫ್ಯಾಮಿಲಿ ಬಂದಿದೆ ಮಾರಾಯ್ತಿ," ಎಂದು ಪಿಸುಗುಟ್ಟಿದರು. ಕಣ್ಣಲ್ಲಿ ನೀರು. ಸುಳ್ಳೇಕೆ, ನನಗೂ ಖುಷಿಯಾಯಿತು.

ಖುಷಿ ಎರಡು ದಿನ ಇತ್ತು. ಈಗ ಏಳರಿಂದ ಒಂಬತ್ತರವರೆಗೆ ಮಿಕ್ಸರ್ ಬಂದ್, ಕುಕ್ಕರ್ ಬಂದ್, ಬಟ್ಟೆ ಒಣಹಾಕುವುದೂ ಬಂದ್. ನಿನ್ನೆ ಚಹಾ ಬೇಕೇ ಎಂದು ಕೇಳಲು ಹೋದರೆ ತುಟಿಗೆ ಬೆರಳಿಟ್ಟು ನನ್ನನ್ನು ಓಡಿಸಿದರು. ಆಮೇಲೆ ಪರದೆಯ ಸಂದಿಯಿಂದ ಮೆತ್ತಗೆ ಆ ಹಕ್ಕಿಯನ್ನು ಕೇಳುತ್ತಿದ್ದರು: "ನಾಳೆಗೆ ಪಪಾಯಿ ಸಾಕಾ, ಚಿಕ್ಕು ತರ್ಲಾ?"

ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ನನಗೇನು ಬೇಕು ಎಂದು ಈ ಮನುಷ್ಯ ಒಮ್ಮೆಯೂ ಕೇಳಿದ್ದಿಲ್ಲ.

ನೀವೇ ಹೇಳಿ, ನಾನೂ ಹೋಗಿ ಗ್ರಿಲ್ ಮೇಲೆ ಕೂರಲೇ?