ಎಣಿಸೋನು ನಿಲ್ಲಸಂಗಿಲ್ಲ

ನನ್ನ ಬಾಯಿ ಸುಮ್ನಿರೋ ಬಾಯಲ್ಲ. ಹಡಗಲಿ ಹೆಣ್ಣುಮಕ್ಕಳ ಹೈಸ್ಕೂಲಿನಾಗ ಇಪ್ಪತ್ತಾರು ವರ್ಷ ಖೊಖೊ ಆಡಿಸೀನಿ. ಹೆಡ್‌ಮಾಸ್ತರಿಂದ ಹಿಡದು ಬಸ್ ಕಂಡಕ್ಟರ್ ತನಕ ಪಕ್ಕೀರಮ್ಮನ ಬಾಯಿಗೆ ಸಿಕ್ಕು ಉಳದೋರಿಲ್ಲ ಅಂತ ಊರೇ ಹೇಳತೈತಿ. ಅಂಥ ಬಾಯಿ ಒಂದೇ ಒಂದು ಸಲ ಮುಚ್ಚಿಕೊಂತು. ದುರುಗಪ್ಪ ಮಾಸ್ತರ ಕಥಿ ಹೇಳಬೇಕಂದ್ರ ಅದನ್ನೂ ಹೇಳಬೇಕು. ಅದನ್ನ ಬಿಟ್ಟು ಹೇಳಿದ್ರ ನಾನು ಸುಳ್ಳಿ ಆಗ್ತೀನಿ.

ದುರುಗಪ್ಪ ಮಾಸ್ತರು ಹಗರಿಬೊಮ್ಮನಹಳ್ಳಿ ಹೈಸ್ಕೂಲಿನ ಡ್ರಿಲ್ ಮಾಸ್ತರು. ಗಿಡ್ಡ ಆಳು, ಹೆಗಲು ಮಾತ್ರ ಬಾಗಿಲ ತುಂಬ. ಕಬಡ್ಡಿ ಟೀಮು ಕಟ್ಟಿದ್ರಂದ್ರ ಗೆದ್ದೇ ಬರೋದು. ಊರು ಹಂಪಸಾಗರ, ದಿನಾ ಬಸ್ಸಿನಾಗ ಹೋಗಿ ಬರೋರು. ಮಾತು ಕಮ್ಮಿ. ನಾನು ಹತ್ತು ಮಾತಾಡಿದ್ರ ಅವರದು ಒಂದು ಹೂಂ, ಅದೂ ಅರ್ಧ.

ಎಂಬತ್ಮೂರರ ಬ್ಯಾಸಿಗಿ ರಜಾದಾಗ ನಮಗೆಲ್ಲ ಒಂದು ಕಾಗದ ಬಂತು. ಈ ಕಡೆ ತಾಲೂಕಿನ ಡ್ರಿಲ್ ಮಾಸ್ತರೆಲ್ಲ ಹತ್ತು ದಿನ ಕೊಟ್ಟೂರಿಗೆ ಬರಬೇಕು, ವಯಸ್ಸಾದೋರಿಗೆ ವ್ಯಾಯಾಮ ಮಾಡಿಸೋದು ಹೆಂಗ ಅಂತ ಕಲಿಸ್ತಾರ ಅಂತ. ನಾವು ಬಿದ್ದು ಬಿದ್ದು ನಕ್ವಿ. "ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ, ಅಂಥೋರಿಗೆ ಈಗ ಎಡಾ ಬಲಾ ಕಲಸಬೇಕಂತ!" ಅಂದೋಕಿ ನಾನೇ. ಕಲಿಸಾಕ ಬಂದೋರು ನಾಗೇಂದ್ರಪ್ಪ ಅಂತ, ರಿಟೈರ್ ಆದ ಡಾಕ್ಟರು. ಮೊದಲನೇ ದಿನಾನೇ ಒಂದು ಹಿತ್ತಾಳಿ ಕೊಡ ಇಟ್ಟು, ನಮ್ಮ ಸೀಟಿ ಎಲ್ಲಾ ಅದರಾಗ ಹಾಕಿಸಿಕೊಂಡ್ರು. "ಸೀಟಿ ಊದಿದ್ರ ಮುದುಕರು ಹುಡುಗರಂಗ ಓಡಾಕ ನೋಡ್ತಾರ, ಬೀಳ್ತಾರ. ಇಲ್ಲಿ ನಿಮ್ಮ ಕಣ್ಣು, ಬಾಯಿ ಎರಡೇ ಸಾಕು" ಅಂದ್ರು.

ಆಮ್ಯಾಲೆ ನಮ್ಮ ಕಾಲಿಗೆ ಮರಳಿನ ಚೀಲ ಕಟ್ಟಿದ್ರು, ಕಣ್ಣಿಗೆ ತೆಳ್ಳನೆ ಬಟ್ಟಿ ಕಟ್ಟಿದ್ರು, ಹತ್ತು ಮೆಟ್ಲು ಹತ್ತಿ ಇಳೀರಿ ಅಂದ್ರು. ಅವ್ವಾ, ಇಳಿಯೋವಾಗ ನನ್ನ ಮೊಣಕಾಲು ಗಡಗಡ ನಡಗಿದ್ವು. ನಗು ಅಲ್ಲಿಗೇ ನಿಂತುಹೋತು. ಗೋಡಿ ಹಿಡದು ಒಂಟಿ ಕಾಲ ಮ್ಯಾಲೆ ನಿಲ್ಲಸೋದು, ಕೈ ಊರದಂಗ ಕುರ್ಚಿ ಬಿಟ್ಟು ಏಳಸೋದು, ಎಲ್ಲಾ ಕಲಿಸಿದ್ರು. ಒಂದು ಮಾತು ಮಾತ್ರ ದಿನಾ ಹೇಳೋರು: "ಮಾಡೋರ ಕೂಡ ಮಾತಾಡ್ತಿರ್ರಿ. ಊಟ ಏನಂತ ಕೇಳ್ರಿ. ಉತ್ತರ ಬರಲಿಲ್ಲಂದ್ರ ಅಲ್ಲಿಗೇ ನಿಲ್ಲಸ್ರಿ. ಅವರು ಯಾರೇ ಇರಲಿ." ದುರುಗಪ್ಪ ಮಾಸ್ತರು ಅದನ್ನ ನೋಟ್‌ಬುಕ್ಕಿನಾಗ ಬರದು ಕೆಳಗ ಎರಡು ಗೆರಿ ಎಳದ್ರು. ಪಕ್ಕದಾಗ ಕುಂತಿದ್ದೆ, ನೋಡೀನಿ.

ಬುತ್ತಿ ಬಿಚ್ಚಿದಾಗ ಕೇಳಿದೆ, "ಏನ್ ಮಾಸ್ತರ, ನಾಳೆ ಪರೀಕ್ಷಿ ಇದ್ದಂಗ ಬರೀತೀರಲ್ಲ?"

"ನಮ್ಮ ಉಸ್ತಾದ್ರನ್ನ ಎಬ್ಬಸಬೇಕ್ರಿ ಅಕ್ಕೋರ" ಅಂದ್ರು.

ಉಸ್ತಾದ್ರು ಅಂದ್ರ ಹಂಪಸಾಗರ ಗರಡಿಮನಿ ಕರಿಸಿದ್ದಪ್ಪ. ದುರುಗಪ್ಪ ಸಣ್ಣಾವಿದ್ದಾಗ ಅವರ ಕೇರಿ ಮಂದಿನ್ನ ಗರಡಿ ಹೊಸ್ತಿಲ ದಾಟಾಕ ಬಿಡ್ತಿದ್ದಿಲ್ಲ. ಇವರು ಕಿಟಕ್ಯಾಗ ನಿಂತು ನೋಡಿ, ಮನಿ ಹಿತ್ತಲದಾಗ ಒಬ್ಬರೇ ಬಸ್ಕಿ ಹೊಡೀತಿದ್ರಂತ. ಒಂದು ದಿನ ಕರಿಸಿದ್ದಪ್ಪನೋರು ಕೈ ಹಿಡದು ಒಳಗ ಕರಕೊಂಡು ಹೋಗಿ, ಗರಡಿ ಕೆಮ್ಮಣ್ಣು ತಾವೇ ಮೈಗೆ ತಿಕ್ಕಿದ್ರು. ಊರು ಹಾರ್ಯಾಡ್ತು. "ಮಣ್ಣಿಗಿಲ್ಲದ ಜಾತಿ ನಿಮಗ್ಯಾಕಲೇ!" ಅಂದು ಬಾಯಿ ಮುಚ್ಚಿಸಿದ್ರಂತ. ಅಂಥೋರು ಈಗ ಎಪ್ಪತ್ತೆರಡಾಗಿ, ಬಚ್ಚಲದಾಗ ಜಾರಿ ಬಿದ್ದು, ಒಂದು ವರ್ಷದಿಂದ ಪಡಸಾಲಿ ಬಿಟ್ಟು ಎದ್ದಿದ್ದಿಲ್ಲ. "ನಾಲ್ಕು ಮಂದಿ ಹೊರೋದರಾಗ ಒಮ್ಮೆ ನನ್ನ ಕಾಲ್ಲೇ ಗರಡಿಗೆ ಹೋಗಬೇಕಲೇ ದುರುಗ" ಅಂದಿದ್ರಂತ. ಇವರಿಗೆ ಅದೊಂದೇ ಹಟ.

ತರಬೇತಿ ಮುಗದ ಮ್ಯಾಲೆ ಪ್ರತಿಯೊಬ್ಬರೂ ತಮ್ಮೂರಾಗ ಒಂದು ತಿಂಗಳು ಮುದುಕರಿಗೆ ಕ್ಲಾಸು ನಡಸಬೇಕಂತ ಡಾಕ್ಟರು ಹೇಳಿದ್ರು. ಇಬ್ಬಿಬ್ಬರ ಜೋಡಿ ಮಾಡಿದ್ರು, ವಾರಕ್ಕೊಮ್ಮೆ ಒಬ್ಬರ ಕ್ಲಾಸು ಇನ್ನೊಬ್ಬರು ನೋಡಬೇಕು. "ತಪ್ಪು ಕಂಡ್ರ ಅಲ್ಲೇ ಹೇಳಬೇಕು. ಮುಲಾಜಿಲ್ಲ" ಅಂದ್ರು. ದುರುಗಪ್ಪ ಮಾಸ್ತರಿಗೆ ಜೋಡಿ ನಾನು. "ಪಕ್ಕೀರಮ್ಮಗ ಅದೇನು ಹೇಳೋದೇ ಬ್ಯಾಡ ಬಿಡ್ರಿ" ಅಂತ ಎಲ್ಲಾರೂ ನಕ್ರು.

ಹಂಪಸಾಗರದ ಸಾಲಿ ಅಂಗಳದಾಗ ಬಿಸಿಲು ಏರೋದರಾಗ ಕ್ಲಾಸು. ಒಂಬತ್ತು ಮಂದಿ ಬರ್ತಿದ್ರು. ದ್ಯಾಮಕ್ಕ ಅಂತ ಒಬ್ಬಾಕಿ ಮುದುಕಿ ಸೆರಗು ಸೊಂಟಕ್ಕ ಸಿಗಿಸಿ, "ಸೊಸಿ ನೋಡಿದ್ರ ನೀರು ಹೊರಾಕ ಹಚ್ತಾಳ, ಲಗೂನ ಮಾಡಸಪ್ಪ" ಅನ್ನೋಳು. ಉಸ್ತಾದ್ರಿಗೆ ಮಾತ್ರ ಮಾಸ್ತರು ಅವರ ಮನ್ಯಾಗೇ ಸುರು ಮಾಡಿದ್ರು. ಮೊದಲು ಕುಂತಲ್ಲೇ ಕಾಲು ಎತ್ತೋದು. ಆಮ್ಯಾಲೆ ಕಂಬ ಹಿಡದು ನಿಲ್ಲೋದು. ಎರಡನೇ ವಾರ ನಾನು ಹೋದಾಗ ಹೊಸ್ತಿಲ ತನಕ ಬಂದ್ರು. ಮೂರನೇ ವಾರ ಸಾಲಿ ಅಂಗಳಕ್ಕೇ ಬಂದು, ದ್ಯಾಮಕ್ಕನ್ನ ಛೇಡಸಾಕ ಹತ್ತಿದ್ರು. ಇಡೀ ಅಂಗಳ ನಗೋದು. ಆಗ ಮಾತ್ರ ದುರುಗಪ್ಪ ಮಾಸ್ತರ ಹಲ್ಲು ಕಾಣೋವು. ಅಷ್ಟು ಖುಷಿ ನಾನು ಅವರ ಮುಖದಾಗ ಕಬಡ್ಡಿ ಕಪ್ಪು ಗೆದ್ದಾಗೂ ನೋಡಿಲ್ಲ.

ಕೊನೇ ಭಾನುವಾರ ಉಸ್ತಾದ್ರು ಮನಿಯಿಂದ ಗರಡಿಗೆ ನಡದ್ರು. ಒಬ್ಬರೇ, ಕೋಲೂ ಇಲ್ಲದಂಗ. ಹಿಂದ ನಾವೆಲ್ಲ. ಗರಡಿ ಒಳಗ ಹೋಗಿ ಮಣ್ಣು ಮುಟ್ಟಿ ಹಣಿಗೆ ಹಚ್ಚಿಕೊಂಡ್ರು. ದುರುಗಪ್ಪ ಮಾಸ್ತರು ಟವಲ್ ಬಾಯಿಗಿಟ್ಟುಕೊಂಡು ಅಳಾಕ ಹತ್ತಿದ್ರು. ಕಥಿ ಅಲ್ಲಿಗೇ ಮುಗದಿದ್ರ ಎಷ್ಟು ಚೊಲೋ ಇತ್ತು!

"ಅಳೋದು ಸಾಕು. ಬಸ್ಕಿ ಹೊಡೀತೀನಿ, ಎಣಸಲೇ ದುರುಗ" ಅಂದ್ರು ಉಸ್ತಾದ್ರು.

ಆ ಗರಡ್ಯಾಗ ಒಂದು ಪದ್ಧತಿ ಐತಿ. ಉಸ್ತಾದ ಬಸ್ಕಿಗೆ ನಿಂತ್ರ ಎಣಿಸೋನು ಶಿಷ್ಯ. ಆದ್ರ ಎಣಿಸೋನು ನಿಲ್ಲಸಂಗಿಲ್ಲ. ಉಸ್ತಾದ ತನ್ನ ಬಾಯಿಲೆ "ಬಸ್" ಅನ್ನೋ ತನಕ ಎಣಿಕಿ ನಡೀಬೇಕು. ನಡುವ ಶಿಷ್ಯ ಸುಮ್ನಾದ್ರ, ನಿನ್ನ ಕಾಲಾಗ ಜೀವ ಹೋತು ಅಂತ ಗುರುವಿನ ಮುಖಕ್ಕ ಹೇಳಿದಂಗ. ಅದಕ್ಕಿಂತ ದೊಡ್ಡ ಅವಮಾನ ಗರಡ್ಯಾಗ ಇನ್ನೊಂದಿಲ್ಲ.

ಒಂದು, ಎರಡು ಅಂತ ಸುರು ಆತು. ಐದಕ್ಕ ಮಾಸ್ತರು ಕೇಳಿದ್ರು, "ಇವತ್ತು ಊಟ ಏನ್ರಿ ಉಸ್ತಾದ್ರ?" "ಜ್ವಾಳದ ರೊಟ್ಟಿ, ಹುರುಳಿ ಸಾರು, ನಿನಗ್ಯಾಕಲೇ ಅದು" ಅಂತ ನಕ್ರು. ಒಂಬತ್ತಕ್ಕ ಮತ್ತ ಕೇಳಿದ್ರು, "ಸೊಸಿ ಊರಿಂದ ಬಂದಾಳೇನ್ರಿ?" ಉತ್ತರ ಬರಲಿಲ್ಲ. ಬಾಯಿ ತೆರೀತು, ಮಾತು ಹೊರಡಲಿಲ್ಲ. ತುಟಿ ನೀಲಿ ತಿರುಗಿತ್ತು.

ಮಾಸ್ತರು ತಿರುಗಿ ನನ್ನ ನೋಡಿದ್ರು.

ನಾನು ಹೊಸ್ತಿಲ ಹೊರಗ ನಿಂತಿದ್ದೆ, ಗರಡಿ ಒಳಗ ಹೆಂಗಸರು ಹೋಗಂಗಿಲ್ಲ. ಒಳಗ ಇಪ್ಪತ್ತು ಮಂದಿ ಗಂಡಸರು, ಮ್ಯಾಲೆ ಹಣಮಪ್ಪನ ಪಟ. 'ಸಾಕು' ಅನ್ನೋ ಮಾತು ಗಂಟಲ ತನಕ ಬಂತು. ನಾನು ಹೊರಗಿನಾಕಿ, ಹೆಂಗಸು, ಇಂಥಾ ಹೊತ್ತಿನಾಗ ನಾನ್ಯಾಕ ಕೆಟ್ಟಾಕಿ ಆಗಲಿ ಅಂತ ನುಂಗಿದೆ. ಮಾಸ್ತರು ಮುಖ ಆ ಕಡೆ ತಿರುಗಿಸಿ "ಹತ್ತು" ಅಂದ್ರು. ಹನ್ನೊಂದು. ಹನ್ನೆರಡು. ಹದಿನಾಲ್ಕಕ್ಕ ಕುಂತೋರು ಮ್ಯಾಲೇಳಲಿಲ್ಲ, ಪಕ್ಕಕ್ಕ ವಾಲಿ ಕೆಮ್ಮಣ್ಣಾಗ ಬಿದ್ರು.

ಜೀವ ಹೋಗಲಿಲ್ಲ. ಲಕ್ವಾ ಹೊಡೀತು. ಬಲಗಡಿ ಕೈಕಾಲು ಹೋದ್ವು, ಮಾತು ಹೋತು. ಊರಾಗ ಯಾರೂ ದುರುಗಪ್ಪ ಮಾಸ್ತರಿಗೆ ಒಂದು ಮಾತು ಅನ್ನಲಿಲ್ಲ. "ಉಸ್ತಾದಂದು ಹಟ, ಅವನೇನು ಮಾಡ್ಯಾನು ಪಾಪ, ಪದ್ಧತಿ ಮೀರಲಿಲ್ಲ" ಅಂದ್ರು. ಅದು ಅವರನ್ನ ಇನ್ನಷ್ಟು ಸುಡ್ತು. ಬೈದಿದ್ರ ಮಾಸ್ತರು ಹಗುರಾಗ್ತಿದ್ರೋ ಏನೋ.

ಕಬಡ್ಡಿ ಬಿಟ್ರು, ತಮ್ಮ ಸಾಮು ಬಿಟ್ರು. ದಿನಾ ಸಾಲಿಯಿಂದ ಬಂದು, ಮನಿಗೂ ಹೋಗದಂಗ ಉಸ್ತಾದ್ರ ಕಡೆ ಹೋಗೋರು. ಎಣ್ಣಿ ಹಚ್ಚಿ ಆ ಸತ್ತ ಕೈ ಎತ್ತಸೋರು, ಇಳಸೋರು, ಊಟ ಏನ್ರಿ ಅಂತ ಕೇಳೋರು. ಉತ್ತರ ಎಲ್ಲಿಂದ ಬರಬೇಕು? ಉಸ್ತಾದ್ರ ಸೊಸಿ ಕೊಟ್ರಬಸಮ್ಮ ನನ್ನ ಮುಂದ ಅತ್ಲು: "ಮಾವ ಎಡಗೈ ಎತ್ತಿ ಬಸ್ ಅಂತ ಸನ್ನಿ ಮಾಡ್ತಾರ್ರೀ, ಇನ್ನು ಮನಿಗೆ ಹೋಗು ಅಂತ. ಆ ಸನ್ನಿ ನೋಡಿದ ಕೂಡ್ಲೇ ಮಾಸ್ತರು ಹಿತ್ತಲಕ್ಕ ಎದ್ದು ಹೋಗ್ತಾರ." ಹತ್ತು ತಿಂಗಳು ಹಿಂಗೇ ನಡದು ಉಸ್ತಾದ್ರು ಹೋದ್ರು.

ನಾನು ಮಣ್ಣಿಗೆ ಹೋಗಿದ್ದೆ. ಆ ನೀಲಿ ತುಟಿ ಅವತ್ತು ನಾನೂ ನೋಡಿದ್ದೆ ಅಂತ ಮಾಸ್ತರಿಗೆ ಹೇಳಬೇಕು ಅನ್ನಿಸ್ತು, ಹೇಳಲಿಲ್ಲ. ಅವರೂ ಕೇಳಲಿಲ್ಲ. ಆಡಿದ ಮಾತು ಒಡೆದ ಮುತ್ತು ಅಂತಾರಲ್ಲ, ಆಡದ ಮಾತು ಏನಾಗತೈತಿ ಅಂತ ಯಾರೂ ಹೇಳಿಲ್ಲ. ಅದು ಕೊರಳಾಗೇ ಇರತೈತಿ, ನನ್ನ ಕೇಳ್ರಿ.

ಎಂಬತ್ತಾರರಾಗ ಹರಪನಹಳ್ಳಿಯಾಗ ಹೊಸ ಮಾಸ್ತರಿಗೆ ಅದೇ ತರಬೇತಿ ಇಟ್ರು. ಡಾಕ್ಟರಿಗೆ ಕಣ್ಣು ಮಂಜಾಗಿದ್ವು, ದುರುಗಪ್ಪನೇ ಕಲಸಲಿ ಅಂತ ಹಟ ಹಿಡದ್ರು. "ಕೊಂದಾವನ ಕೈಲೇ ಮದ್ದು ಕೊಡಸ್ತೀರೇನ್ರಿ?" ಅಂತ ಇವರು ಎರಡು ಸಲ ಒಲ್ಲೆ ಅಂದ್ರು. ಮೂರನೇ ಸಲ ಬಂದ್ರು. ಮೈ ಬಂದಿತ್ತು, ಬಿ.ಪಿ. ಗುಳಗಿ ನುಂಗ್ತಿದ್ರು. ನನ್ನನ್ನೂ ಕರಸಿದ್ರು, ಹಿಂದ ಒಂದು ಬೆಂಚಿನ ಮ್ಯಾಲೆ ಕುಂತಿದ್ದೆ.

ಮುಂಜಾನೆ ಆ ಮಾತು ಬರಸಿದ್ರು: ಉತ್ತರ ಬರಲಿಲ್ಲಂದ್ರ ನಿಲ್ಲಸ್ರಿ, ಅವರು ಯಾರೇ ಇರಲಿ. ಮೂವತ್ತು ಮಂದಿ ಬರಕೊಂಡ್ರು. ಮಧ್ಯಾಹ್ನ ಮಾಸ್ತರು ನಡುವ ಬಂದು ನಿಂತು, "ನಾನು ಬಸ್ಕಿ ಹೊಡೀತೀನಿ, ಎಲ್ಲಾರೂ ಕೂಡಿ ಎಣಸ್ರಿ. ನಡುನಡುವ ಮಾತಾಡಸ್ರಿ" ಅಂದ್ರು. ಹುಡುಗರು ಹುರುಪಿನಿಂದ ಸುರು ಮಾಡಿದ್ರು. ಇಪ್ಪತ್ತಕ್ಕ "ಊಟ ಆತೇನ್ರಿ ಸರ್?" ಅಂದ್ರ "ಆತು" ಅಂದ್ರು. ನಲವತ್ತಕ್ಕ ಯಾವೂರ್ರಿ ಅಂತ ಕೇಳಿದ್ರ ಬರೇ ತಲಿ ಅಲ್ಲಾಡಿಸಿದ್ರು. ಎಣಿಕಿ ನಿಲ್ಲಲಿಲ್ಲ. ಅವರು ದೊಡ್ಡೋರು, ಕಲಿಸೋರು, ಅವರಿಗೆ ಯಾರು ಹೇಳ್ತಾರ? ಐವತ್ತು. ಐವತ್ತೈದು. ಮುಖ ಕಪ್ಪಿಟ್ಟಿತು, ಕಾಲು ನಡುಗಾಕ ಹತ್ತಿದ್ವು. ಮೂವತ್ತು ಬಾಯಿ ಎಣಸ್ತಾನೇ ಇದ್ವು.

ಮಾಸ್ತರು ತಲಿ ಎತ್ತಿ ನನ್ನ ಕಡೆ ನೋಡಿದ್ರು. ಗರಡ್ಯಾಗ ನೋಡಿದಂಗೇ.

"ಸಾಕು! ನಿಲ್ಲಸ್ರಲೇ!" ಅಂತ ಚೀರಿದೆ. ಬೆಂಚು ಹಿಂದಕ್ಕ ಬಿತ್ತು. ಓಡಿ ಹೋಗಿ ಎರಡೂ ರಟ್ಟಿ ಹಿಡದು ಕುಂದ್ರಿಸಿದೆ. ಹುಡುಗರು ತಲಿ ಕೆಳಗ ಹಾಕಿದ್ರು. ಮಾಸ್ತರು ಏದುಸಿರು ಬಿಡ್ತಾ ಅವರಿಗೆ, "ನಾನೂ ಹಿಂಗೇ ಎಣಿಸಿದ್ದೆ" ಅಂದ್ರು. ಆಮ್ಯಾಲೆ ನನ್ನ ಮುಖ ನೋಡಿ, ಸಿಟ್ಟಿಲ್ಲದಂಗ, ನನಗೊಬ್ಬಾಕಿಗೇ ಕೇಳೋಹಂಗ ಅಂದ್ರು:

"ಮೂರು ವರ್ಷ ತಡಾ ಆತ್ರಿ ಅಕ್ಕೋರ."