ಪಾಯಖಾನೆಗೂ ಮುಯ್ಯಾಳು

ನಾನು ಗ್ರಾಮ ಪಂಚಾಯಿತಿ ಮೆಂಬರಾದ ವರ್ಷ, ತಾಲೂಕು ಊರು ರೋಣದಿಂದ ಬಂದ ಅಧಿಕಾರಿಗಳು ಮನೆಗೊಂದು ಪಾಯಖಾನೆ ಆಗಲೇಬೇಕೆಂದು ಮೈಕಿನಲ್ಲಿ ಒದರಿ ಹೋದರು. ಊರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿತು. ಎಲ್ಲರಿಗಿಂತ ಮೊದಲು ಬಿಟ್ಟವರು ನಮ್ಮ ಮಾವನವರೇ.

"ಉಣ್ಣೂ ಮನ್ಯಾಗ ಹೊಲಸು ಇಟ್ಕೋಬೇಕೇನು? ನೀ ಮೆಂಬರ್ ಆಗಿದ್ದು ಪಂಚಾಯ್ತಿಗೆ, ನನ್ನ ಹಿತ್ತಲಕ್ಕಲ್ಲ," ಎಂದು ಸೊಸೆಯಾದ ನನ್ನ ಬಾಯಿ ಮುಚ್ಚಿಸಿದರು.

ನನಗೆ ಸಂಕಟವಾಗುತ್ತಿದ್ದುದು ಅತ್ತೆಯನ್ನು ನೋಡಿ. ಮೊಣಕಾಲು ಹಿಡಿದಿದ್ದ ಅವರು ನಸುಕಿನಲ್ಲೇ ಎದ್ದು, ನೀರಿನ ಚರಿಗೆ ಹಿಡಿದು, ನನ್ನ ಭುಜಕ್ಕೆ ಭಾರ ಹಾಕಿ ಬಯಲಿಗೆ ನಡೆಯುತ್ತಿದ್ದರು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಜಾರಿ ಬಿದ್ದ ಮೇಲಂತೂ ಆ ದಾರಿ ಎಂದರೇ ಹೆದರುತ್ತಿದ್ದರು. ಮಾವನವರಿಗೆ ಒಂದು ಮಾತು ಹೇಳಿರಿ ಎಂದರೆ, "ಇಂಥಾದ್ದು ಗಂಡಸರ ಮುಂದ ಹ್ಯಾಂಗ ಹೇಳ್ಲಿ ಯವ್ವಾ?" ಎಂದು ನಾಚುತ್ತಿದ್ದರು.

ಪಂಚಾಯಿತಿ ಸಭೆಯಲ್ಲಿ ದಂಡ ಹಾಕುವ ಮಾತು ಬಂತು. ದಂಡ ಬೇಡ, ಮುಯ್ಯಾಳು ಮಾಡೋಣ ಎಂದೆ ನಾನು. ನಿಮ್ಮ ಹೊಲದ ಕಳೆಗೆ ನಾನು ಬಂದರೆ ನನ್ನ ಹೊಲಕ್ಕೆ ನೀವು ಬರಲೇಬೇಕು, ಅದೇ ಮುಯ್ಯಿ. ಕಾಯ್ದೆಗೆ ಬಗ್ಗದವರೂ ನಮ್ಮಲ್ಲಿ ಮುಯ್ಯಿಗೆ ಬಗ್ಗುತ್ತಾರೆ. ಪಾಯಖಾನೆಯ ತಗ್ಗನ್ನೂ ಹಾಗೇ ತೋಡಬೇಕೆಂದು ಠರಾವಾಯಿತು.

ಮೊದಲ ತಗ್ಗು ಪಕ್ಕದ ಮನೆಯ, ಗೋಡೆ ಕಟ್ಟುವ ಗೌಂಡಿ ಸಾಹೇಬರದು. ನಮ್ಮ ಕಡಲೆ ಕೀಳಲು ಅವರ ಮನೆಮಂದಿಯೆಲ್ಲ ಬಂದಿದ್ದರಿಂದ ಮಾವ ಗೊಣಗುತ್ತಲೇ ಗುದ್ದಲಿ ಹೆಗಲಿಗೇರಿಸಿದರು. ಕೆಲಸಕ್ಕೆ ನಿಂತರೆ ಹಿಂದೆ ಸರಿಯುವ ಜೀವವಲ್ಲ. ಓಣಿಯ ಎಲ್ಲ ತಗ್ಗಿಗೂ ಅವರೇ ಮುಂದಾದರು. ಬೇರೆಯವರ ಹಿತ್ತಲಲ್ಲಿ ಹೊಲಸಿನ ಮಾತೇ ನೆನಪಾಗಲಿಲ್ಲ ನೋಡಿ!

ಒಂದು ಮುಂಜಾನೆ ಗುದ್ದಲಿ, ಸಲಿಕೆ ಹಿಡಿದು ಆ ಓಣಿಯೇ ನಮ್ಮ ಬಾಗಿಲಿಗೆ ಬಂತು.

"ನಮ್ಮನ್ಯಾಗ ಬ್ಯಾಡ್ರಪಾ," ಎಂದರು ಮಾವ.

"ಹಂಗಂದ್ರ ಹ್ಯಾಂಗ್ರಿ ಕಾಕಾ?" ಎಂದರು ಗೌಂಡಿ ಸಾಹೇಬರು. "ಓಣಿ ಮಂದಿ ಮುಯ್ಯಿ ತೀರಿಸಗೊಡ್ರಿ. ಇಲ್ಲಂದ್ರ ನಾಳಿ ಯಾವ ಮಾರಿ ಇಟ್ಕೊಂಡು ನಿಮ್ಮನ್ನ ಕೆಲಸಕ್ಕ ಕರೀಬೇಕು?"

ಮಾವ ನನ್ನ ಕಡೆ ಕೆಂಗಣ್ಣು ಬೀರಿದರು. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಓಡಿದೆ. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಅವರದೇ ದನಿ ಕೇಳಿಸಿತು. "ಅಲ್ಲಿ ಬ್ಯಾಡ್ರೋ, ಬೇವಿನ ಬೇರಿಗೆ ಪೆಟ್ಟಾಗ್ತೈತಿ. ಈ ಕಡಿ ಅಗೀರಿ." ಒಲೆಯ ಮುಂದೆ ಕುಳಿತು ಒಬ್ಬಳೇ ನಕ್ಕೆ. ಆ ಹಟಮಾರಿ ಮುದುಕನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಪಾಯಖಾನೆ ಮುಗಿದ ದಿನ ಅತ್ತೆ ಹಾಡಹಗಲೇ, ಗೋಡೆ ಹಿಡಿದು ಕುಂಟುತ್ತ ಹಿತ್ತಲಿಗೆ ಹೊರಟರು. ನೀರು ಇಡಲು ನಾನು ಏಳುವಷ್ಟರಲ್ಲಿ ಮಾವ ಕೊಡ ಎತ್ತಿದ್ದರು. ನಮ್ಮ ಮನೆಯ ಗಂಡಸರು ನೀರಿನ ಕೊಡ ಹೊತ್ತಿದ್ದನ್ನು ನಾನು ಕಂಡೇ ಇರಲಿಲ್ಲ. ಅದನ್ನು ಬಾಗಿಲಲ್ಲಿಟ್ಟು, ಹೆಂಡತಿಯ ಮುಖ ನೋಡದೆ, "ಕಾಲು ಇಷ್ಟು ನೋಯ್ತಾವಂತ ಒಂದಿನಾನೂ ಹೇಳ್ಲಿಲ್ಲಲ್ಲ," ಎಂದರು.

"ನೀವು ಯಾವಾಗ ಕೇಳಿದ್ರೀ?" ಎಂದು ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.